ಇಸ್ತ್ರಿಯ ನೆಪ

ಟೇಲರಣ್ಣನ ಅಂಗಡಿಯಲ್ಲಿ ಎರಡು ಮೆಷಿನ್ನು, ಎದುರುಬದುರು. ಒಂದು ಅವನದು, ಇನ್ನೊಂದು ಹೆಂಡತಿಯದು. ಮೊದಲೆಲ್ಲ ಆ ಎರಡರ ಸದ್ದನ್ನೂ ಮೀರಿಸುತ್ತಿದ್ದುದು ಅವಳ ಬಾಯಿ. "ರೀ, ಕಾಲರ್ ಹೊಲೀರಿ ಅಂದ್ರೆ ಎತ್ತಿನ ನೊಗ ಮಾಡಿಟ್ಟಿದ್ದೀರಲ್ರೀ!" ಎಂದು ಗಿರಾಕಿಗಳ ಮುಂದೆಯೇ ಅವನ ಮಾನ ಹರಾಜು ಹಾಕುತ್ತಿದ್ದಳು. ಬೈಸಿಕೊಳ್ಳುವುದರಲ್ಲಿ ಎಂಥಾ ಸುಖವಿತ್ತೆಂದು ಆ ಪುಣ್ಯಾತ್ಮನಿಗೆ ಗೊತ್ತಾದದ್ದು ಅದು ನಿಂತ ಮೇಲೆ.

ಈಗೊಂದು ವರ್ಷದಿಂದ ಅವಳ ಬಾಯಿಗೆ ಬೀಗ. ಸೆಕೆಯಲ್ಲೂ ಶಾಲು ಹೊದ್ದು ಕೂರುತ್ತಾಳೆ, ಫ್ಯಾನು ಹಾಕಿದರೆ ಆರಿಸುತ್ತಾಳೆ. ಗುಂಡಿ ಹಚ್ಚುತ್ತಲೇ ತೂಕಡಿಸುತ್ತಾಳೆ. ಬಾಚಣಿಗೆ ತುಂಬ ಕೂದಲು, ದನಿ ಒಡಕು. ವಯಸ್ಸಾಯಿತಲ್ಲ ಎಂದು ಅವಳು ಸುಮ್ಮನಾದಳು. ಇವಳಿಗೆ ನಾನು ಸಾಕಾಗಿಬಿಟ್ಟೆ ಎಂದುಕೊಂಡ ಟೇಲರಣ್ಣ. ಎದುರಿಗೇ ಕೂತವಳಿಗಾಗಿ, ಊರು ಬಿಟ್ಟು ಹೋದವಳಿಗೆ ಹಂಬಲಿಸಿದಂತೆ ಹಂಬಲಿಸಿದ.

ಅವಳಿಗೆ ಉಳಿದಿದ್ದ ಹೆಮ್ಮೆ ಒಂದೇ. ಮದುವೆಯ ಹೊಸತರಲ್ಲಿ ಹೊಲಿದುಕೊಂಡ ಚೂಡಿದಾರದ ನೀಲಿ ಅಂಗಿ ಇವತ್ತಿಗೂ ಸರಿಹೋಗುತ್ತದೆ ಅನ್ನುವುದು. ಅದು ಒಮ್ಮೆ ಸೊಂಟದಲ್ಲಿ ಬಿಗಿದು ಅವಳ ಮುಖ ಬಾಡಿದ್ದನ್ನು ಟೇಲರಣ್ಣ ನೋಡಿದ. ಇಸ್ತ್ರಿಯ ನೆಪದಲ್ಲಿ ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಕೊಂಚ ಸಡಿಲಿಸಿ, ಅದೇ ಬಣ್ಣದ ದಾರದಲ್ಲಿ ಮತ್ತೆ ಹೊಲಿದ. "ಒಗೆದಾಗ ಮುದುಡಿತ್ತು ಕಣೇ, ಈಗ ಹಾಕ್ಕೊಂಡು ನೋಡು" ಎಂದ. ಆಮೇಲೆ ಅವಳ ಎಲ್ಲ ಅಂಗಿಗಳಿಗೂ ಅದೇ ಉಪಚಾರ. ಮೊದಲಿನವಳಾಗಿದ್ದರೆ ಕ್ಷಣದಲ್ಲಿ ಕಳ್ಳತನ ಹಿಡಿಯುತ್ತಿದ್ದಳು. ಈಗ ಯಾವುದನ್ನೂ ತಿರುಗಿಸಿ ನೋಡುವುದೇ ಇಲ್ಲ.

ಒಂದು ಮಧ್ಯಾಹ್ನ ಅವಳು ಕತ್ತರಿ ಹಿಡಿದೇ ಕುಸಿದಳು. ಟೇಲರಣ್ಣ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ಅವಳು ತೇಪೆ ಹಾಕಿದಳು. ಸುಸ್ತು? ಕೆಲಸ ಜಾಸ್ತಿ. ಚಳಿ? ಏನೋ ಸ್ವಲ್ಪ.

"ಮೈ ಬಂದಿದ್ಯಾ? ಬಟ್ಟೆ ಬಿಗಿ ಆಗ್ತಿದ್ಯಾ?"

"ಅಯ್ಯೋ, ಅದೊಂದಿಲ್ಲ ನೋಡಿ! ಇದೇ ಅಂಗಿ, ಮದುವೆ ಹೊಸತ್ರಲ್ಲಿ ಹೊಲ್ಕೊಂಡಿದ್ದು, ಇವತ್ತಿಗೂ ಸರಿಹೋಗುತ್ತೆ."

"ಹಾಗಾದ್ರೆ ಬರೀ ನಿಶ್ಶಕ್ತಿ. ಟಾನಿಕ್ ಬರ್ಕೊಡ್ತೀನಿ."

ಪಕ್ಕದಲ್ಲಿದ್ದ ಟೇಲರಣ್ಣ ಹೆಂಡತಿಯ ಅಂಗಿಯನ್ನೇ ನೋಡಿದ. ಹೇಳಿದರೆ ಅವಳ ಹೆಮ್ಮೆ ಹೋಗುತ್ತದೆ, ಹೇಳದಿದ್ದರೆ ಅವಳೇ ಹೋಗಿಬಿಟ್ಟರೆ?

"ಇಲ್ಲ ಡಾಕ್ಟ್ರೇ, ನಾನೇ ಬಿಚ್ಚಿ ಬಿಚ್ಚಿ ಸಡಿಲ ಮಾಡ್ತಿದ್ದೆ. ಇನ್ನು ಬಿಚ್ಚೋಕೆ ಬಟ್ಟೆನೇ ಉಳಿದಿಲ್ಲ."

ಹೆಂಡತಿ ಅಂಗಿಯ ಅಂಚು ತಿರುಗಿಸಿ ನೋಡಿದಳು. ಡಾಕ್ಟರಮ್ಮ ಅವಳ ಕತ್ತು ಮುಟ್ಟಿ ನೋಡಿ, ರಕ್ತಪರೀಕ್ಷೆಗೆ ಕಳಿಸಿದರು. ಥೈರಾಯ್ಡ್ ಹಾರ್ಮೋನು ತೀರಾ ಕಡಿಮೆ ಇತ್ತು.

"ಚಳಿ, ನಿದ್ದೆ, ಕೂದಲು, ಒಡಕು ದನಿ, ಮಂಕು, ಎಲ್ಲಾ ಇದರದ್ದೇ. ಮಾತ್ರೆ ತಪ್ಪಿಸ್ಬೇಡಿ."

"ಮಂಕೂ ಇದರದ್ದೇನಾ?" ಎಂದು ಟೇಲರಣ್ಣ ಎರಡೆರಡು ಸಲ ಕೇಳಿದ.

ಅವಳು ಮಾತ್ರೆ ನುಂಗಿದಳು, ಅವನು ಕಾದ. ಕೆಲವು ತಿಂಗಳಲ್ಲಿ ಶಾಲು ಗೂಟಕ್ಕೇರಿತು, ಫ್ಯಾನು ತಿರುಗತೊಡಗಿತು. ಮಾತು ಮಾತ್ರ ಇನ್ನೂ ಎಷ್ಟು ಬೇಕೋ ಅಷ್ಟೇ.

ಒಂದು ದಿನ ಗಿರಾಕಿಗಳು ತುಂಬಿದ್ದಾಗ ನೀಲಿ ಅಂಗಿ ಹಾರಿಬಂದು ಅವನ ಮೆಷಿನ್ನಿನ ಮೇಲೆ ಬಿತ್ತು.

"ಏನ್ರೀ ಇದು, ಅಂಗಿನಾ ಗೋಣಿಚೀಲನಾ? ಬಿಚ್ಚಿದ ಕೈನೇ ಮತ್ತೆ ಬಿಗಿ ಮಾಡ್ಲಿ. ಹೊಲಿಗೆ ನೆಟ್ಟಗಿರ್ಲಿ, ನಿಮ್ಮ ಮೂತಿ ಥರ ಸೊಟ್ಟ ಬೇಡ!"

ಗಿರಾಕಿಗಳು ಗೊಳ್ಳೆಂದು ನಕ್ಕರು. ಟೇಲರಣ್ಣ ದಾರ ಪೋಣಿಸಲು ನೋಡಿದ. ಕಣ್ಣು ಮಂಜಾಗಿ ಸೂಜಿಯೇ ಕಾಣಲಿಲ್ಲ.

"ಇನ್ನೊಂದ್ಸಲ ಬೈಯೇ" ಅಂದ.