ನಲವತ್ತು ನಿಮಿಷ

"ಸರ್, ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದಳು ಫೋನಿನ ಪರದೆಯಲ್ಲಿದ್ದ ಆಸ್ಪತ್ರೆಯ ಆಪ್ತಸಲಹೆಗಾರ್ತಿ. "ರಾತ್ರಿ ಎರಡೂವರೆಗೆ ಎದ್ದು ಎಲ್ಲಿಗೆ ಹೋಗ್ತೀರಿ?"

ತಕ್ಕಡಿ ಮೇಸ್ತ್ರಿಗೆ ನಗು ಬಂತು. "ನಾನಾ? ಬಚ್ಚಲಿಗೆ ಹೋಗೋಕೇ ಗೋಡೆ ಹಿಡ್ಕೊಳ್ತೀನಿ ಮೇಡಂ."

"ವಾಚು ಹಾಗೆ ಹೇಳ್ತಿಲ್ಲ. ನಾನು ರಜೆಯಲ್ಲಿದ್ದೆ, ಇವತ್ತು ಬಂದು ನೋಡ್ತಿದ್ದೀನಿ. ದಿನಾ ನಾಲ್ಕು ಮಹಡಿ ಹತ್ತಿದ್ದೀರಿ. ಮೇಲೆ ನಲವತ್ತು ನಿಮಿಷ ಅಲ್ಲಾಡದೆ ನಿಂತಿದ್ದೀರಿ. ಆಮೇಲೆ ಇಳಿದಿದ್ದೀರಿ."

ಮೇಸ್ತ್ರಿಯ ನಗು ಅರ್ಧಕ್ಕೇ ನಿಂತಿತು. ಹದಿನಾರು ದಿನಗಳಿಂದ ರಾತ್ರಿಯ ಹೊತ್ತು ಆ ವಾಚು ಇದ್ದದ್ದು ಅವನ ಹೆಂಡತಿಯ ಕೈಯಲ್ಲಿ.

ಕರುಳಿನ ಕ್ಯಾನ್ಸರಿಗೆ ಎರಡನೇ ಸುತ್ತಿನ ಔಷಧಿ ಏರಿಸಿದ ಮೇಲೆ ಆಸ್ಪತ್ರೆಯವರು ಆ ವಾಚನ್ನು ಕೊಟ್ಟಿದ್ದರು. ರೋಗಿ ಎಷ್ಟು ಹೊತ್ತು ಮಲಗಿದ, ಎಷ್ಟು ಸಲ ಎದ್ದ, ಎದೆ ಹೇಗೆ ಬಡಿದುಕೊಂಡಿತು, ಎಲ್ಲ ಚಾಡಿಯನ್ನೂ ಅದು ಫೋನಿನ ಮೂಲಕ ಅಲ್ಲಿಗೆ ಮುಟ್ಟಿಸುತ್ತಿತ್ತು. ಮೈ ನೋಡಿಕೊಳ್ಳುವವರು ಮನಸ್ಸಿನ ಮೇಲೂ ಒಂದು ಕಣ್ಣಿಡಲಿ ಎಂದು. ಉದ್ದೇಶ ಒಳ್ಳೆಯದೇ. ಆದರೆ ಮೇಸ್ತ್ರಿಗೆ ನಿದ್ದೆಯೆಂಬುದೇ ಇರಲಿಲ್ಲ; ಮೊದಲ ವಾರದಲ್ಲೇ ಮೂರು ಸಲ ಫೋನು ಬಂತು. ಹೀಗೇ ಆದರೆ ಮೂರನೇ ಸುತ್ತನ್ನು ಮುಂದಕ್ಕೆ ಹಾಕಿಬಿಡುತ್ತಾರೆ ಎಂದು ಹೆದರಿದ. ಯಾರೂ ಹಾಗೆ ಹೇಳಿರಲಿಲ್ಲ, ತಾನೇ ಕಟ್ಟಿಕೊಂಡ ಭಯ. ಮೂವತ್ತು ವರ್ಷ ತೂಕದ ಯಂತ್ರ ರಿಪೇರಿ ಮಾಡಿದ ಮನುಷ್ಯ. ಯಂತ್ರದ ಕಣ್ಣಿಗೆ ಮಣ್ಣೆರಚುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ರಾತ್ರಿ ನೀನು ಕಟ್ಕೊಳ್ಳೇ," ಎಂದಿದ್ದ ಹೆಂಡತಿಗೆ. "ದಿಂಬಿಗೆ ತಲೆ ಕೊಟ್ರೆ ಸಾಕು, ಕುಂಭಕರ್ಣನ ತಂಗಿ ನೀನು. ನಿದ್ದೆ ಎಷ್ಟು ಅಂತ ನೋಡುತ್ತೆ, ಅಷ್ಟೇ."

"ಬೇಡ ರೀ, ನಂಗೆ ಅದೆಲ್ಲ ಒಗ್ಗಲ್ಲ."

"ಒಂದು ಪಟ್ಟಿ ಕಟ್ಕೊಳ್ಳೋಕೆ ಏನೇ ಧಾಡಿ?"

ಅವಳು ಸ್ವಲ್ಪ ಹೊತ್ತು ವಾಚನ್ನೇ ನೋಡಿ, ಕೈ ಚಾಚಿದ್ದಳು.

ಆಮೇಲೆ ಫೋನು ಬರುವುದು ನಿಂತಿತು. ತನ್ನ ಬುದ್ಧಿವಂತಿಕೆಗೆ ಮೇಸ್ತ್ರಿ ತಾನೇ ಬೆನ್ನು ತಟ್ಟಿಕೊಂಡ. ಬಚ್ಚಲಿಗೆ ಹತ್ತಿರವೆಂದು ಅವನು ಮಲಗುತ್ತಿದ್ದದ್ದು ಮುಂದಿನ ಕೋಣೆಯ ಸೋಫಾದಲ್ಲಿ. ಕತ್ತಲೆಯಲ್ಲಿ ಕಣ್ಣು ಬಿಟ್ಟುಕೊಂಡು, ಗೋಡೆಯಾಚೆ ಅವಳು ಸುಖವಾಗಿ ಮಲಗಿದ್ದಾಳೆಂದು ಹೊಟ್ಟೆಕಿಚ್ಚು ಪಡುತ್ತಿದ್ದ. ಅವಳ ಕೋಣೆಯ ಪಕ್ಕ ಅಡುಗೆಮನೆ, ಅಡುಗೆಮನೆಗೆ ಹಿಂಬಾಗಿಲು, ಅದನ್ನು ತೆಗೆದರೆ ಕಟ್ಟಡದ ಮೆಟ್ಟಿಲು.

"ಮೇಲೆ ಏನಿದೆ ಸರ್?"

"ತಾರಸಿ," ಎಂದ.

"ಅಲ್ಲಿ ನಿಮ್ಮ ಎದೆಬಡಿತ ತುಂಬಾ ಏರುತ್ತೆ. ಮೊನ್ನೆವರೆಗೂ ಹಾಗೇ ಇತ್ತು. ನಿನ್ನೆ ಮಾತ್ರ ಏರಲೇ ಇಲ್ಲ. ನಲವತ್ತು ನಿಮಿಷವೂ ಶಾಂತ." ಅವಳು ಪರದೆಗೆ ಹತ್ತಿರ ಬಂದಳು. "ನಂಗೆ ಅದೇ ಸರಿ ಕಾಣ್ತಿಲ್ಲ. ಸರ್, ಬದುಕಿದ್ದು ಸಾಕು ಅಂತ ಅನ್ನಿಸ್ತಿದೆಯಾ?"

ಸುಳ್ಳು ಹೇಳಲು ಅವನಿಗೆ ಒಂದು ಕ್ಷಣ ಸಾಕಾಗಿತ್ತು. ಸೆಕೆಗೆ ಗಾಳಿ ತಗೊಳ್ಳೋಕೆ ಹೋಗ್ತೀನಿ, ವ್ಯಾಯಾಮ, ಏನಾದರೊಂದು. ಮೂರನೇ ಸುತ್ತು ಉಳಿಯುತ್ತಿತ್ತು.

"ಆ ಕೈ ನಂದಲ್ಲ ಮೇಡಂ," ಎಂದ. "ನನ್ನ ಹೆಂಡತೀದು. ನಾನೇ ಕಟ್ಟಿದ್ದು."

ಸಲಹೆಗಾರ್ತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅವರು ಈಗೆಲ್ಲಿದ್ದಾರೆ?" ಎಂದಳು.

"ಲೇ, ಇವಳೇ!" ಎಂದು ಕೂಗಿದ. ಅಡುಗೆಮನೆಯಲ್ಲಿ ಸದ್ದಿಲ್ಲ. ಬಟ್ಟೆ ಹರವಿ ಬರ್ತೀನಿ ಎಂದು ಬಕೆಟ್ಟು ಎತ್ತಿಕೊಂಡು ಹೋಗಿದ್ದಳು. ಎಷ್ಟು ಹೊತ್ತಾಯಿತು? ಅವಳು ಕೊಟ್ಟುಹೋದ ಗಂಜಿ ಲೋಟದಲ್ಲಿ ಕೆನೆಗಟ್ಟಿ ತಣ್ಣಗಾಗಿತ್ತು.

"ಮೆಲ್ಲಗೆ ಹೋಗಿ ಸರ್. ಫೋನ್ ಕಟ್ ಮಾಡ್ಬೇಡಿ. ದಾರೀಲಿ ಯಾರಾದ್ರೂ ಸಿಕ್ರೆ ಜೊತೆಗೆ ಕರ್ಕೊಳ್ಳಿ."

ಯಾರೂ ಸಿಗಲಿಲ್ಲ. ಎಲ್ಲರೂ ಕೆಲಸಕ್ಕೆ ಹೋಗಿರುವ ಹೊತ್ತು; ಎಲ್ಲ ಬಾಗಿಲಿಗೂ ಬೀಗ. ಮೊದಲ ಮಹಡಿಗೇ ಅವನ ಕಾಲು ನಡುಗಿತು. ಎರಡನೆಯದರಲ್ಲಿ ಕೂತ. ಮೂರನೆಯದನ್ನು ಕೈಯೂರಿಕೊಂಡು ಹತ್ತಿದ. ಇಷ್ಟು ಮೆಟ್ಟಿಲನ್ನು ಅವಳು ದಿನಾ ಹತ್ತುತ್ತಿದ್ದಳು, ಬೆಳಿಗ್ಗೆ ಏನೂ ಆಗದವಳಂತೆ ಅವನ ಮಾತ್ರೆಗಳನ್ನು ಎಣಿಸಿ ಕೊಡುತ್ತಿದ್ದಳು. ಅವನಿಗೆ ಅಳು ಬಂತು, ಅಳಲು ಉಸಿರಿರಲಿಲ್ಲ.

ಅವಳು ತಾರಸಿಯ ಅಂಚಿನಲ್ಲಿ, ರಸ್ತೆಯ ಕಡೆಗೆ ಮುಖ ಮಾಡಿ ನಿಂತಿದ್ದಳು. ಅಂಚಿನ ಗೋಡೆ ಅವಳ ಎದೆಮಟ್ಟಕ್ಕಿತ್ತು. ಬಕೆಟ್ಟಿನಲ್ಲಿ ಬಟ್ಟೆ ಹಿಂಡಿದ್ದು ಹಿಂಡಿದ ಹಾಗೇ ಇತ್ತು.

"ಅಯ್ಯೋ, ನೀವ್ಯಾಕ್ರೀ ಹತ್ತಿ ಬಂದ್ರಿ!" ಎಂದಳು ತಿರುಗಿ. ಕಣ್ಣಿನ ಕೆಳಗಿನ ಕಪ್ಪನ್ನು ಅವನು ಈಗ ನೋಡಿದ.

"ನೀನು ಯಾಕೆ ಹತ್ತಿದೆ?"

"ಬಟ್ಟೆ..."

ಗೋಡೆಗೆ ಒತ್ತಿ ಅಡುಗೆಮನೆಯ ಪುಟ್ಟ ಸ್ಟೂಲು ಇತ್ತು.

"ಇದು?"

"ಹಗ್ಗ ಎಟುಕಲ್ಲ ಅಂತ ತಂದೆ."

ಹಗ್ಗ ತಾರಸಿಯ ಆಚೆ ತುದಿಯಲ್ಲಿ, ಅವಳ ಭುಜದೆತ್ತರಕ್ಕೆ ಜೋತುಬಿದ್ದಿತ್ತು. ಸ್ಟೂಲಿನ ಮೇಲೆ ಎರಡು ಒದ್ದೆ ಪಾದದ ಗುರುತು, ಇನ್ನೂ ಆರಿರಲಿಲ್ಲ. ಫೋನಿನೊಳಗಿನಿಂದ "ಸರ್? ಅಮ್ಮ ಇದ್ದಾರಾ ಸರ್?" ಎಂಬ ದನಿ ಕೇಳುತ್ತಲೇ ಇತ್ತು. ಹೆಂಡತಿ ಅದನ್ನು ಕೇಳಿಸಿಕೊಂಡೂ ಯಾರೆಂದು ಕೇಳಲಿಲ್ಲ.

"ಕೆಳಗೆ ಹೋಗೋಣ ಬನ್ನಿ, ಬಿಸಿಲು," ಎಂದಳು. "ನೀವು ಮುಂದೆ ಇಳೀರಿ. ನಾನು ಇದನ್ನ ಹರವಿ ಬರ್ತೀನಿ."

ಮೇಸ್ತ್ರಿ ಇಳಿಯಲಿಲ್ಲ. ಗೋಡೆ ಹಿಡಿದುಕೊಂಡು ಬಂದು ಆ ಸ್ಟೂಲಿನ ಮೇಲೆ ಕೂತುಬಿಟ್ಟ. ಅವಳು ಮತ್ತೆರಡು ಸಲ ಕರೆದಳು. ಅವನು ಏಳಲಿಲ್ಲ.