ಹೊಟ್ಟೆಯಿಂದಲೋ, ಕುಂಡಿಯಿಂದಲೋ

"ಏ ಕತ್ತೆ, ಹೆಬ್ಬೆಟ್ಟು ಒತ್ತೋಕೂ ಬರಲ್ವಾ ನಿಂಗೆ? ಹೊಟ್ಟೆಯಿಂದಾದ್ರೇನು, ಕುಂಡಿಯಿಂದಾದ್ರೇನು, ನಿನ್ನ ಮಗು ಹೇಲಬೇಕು ತಾನೆ?"

ದೊಡ್ಡ ಡಾಕ್ಟರು ಶಾಯಿ ಪ್ಯಾಡನ್ನು ಮತ್ತೆ ಬಟ್ಟೆ ಒಗೆಯುವವಳ ಮುಂದೆ ತಳ್ಳಿದರು. ಆರು ವರ್ಷದಿಂದ ಇದೇ ಆಸ್ಪತ್ರೆಯ ಎರಡೂ ಮಹಡಿಗಳ ರಕ್ತ, ಕೀವು, ಹೇಲನ್ನು ಸೋಡಾ ನೀರಿನಲ್ಲಿ ತಿಕ್ಕಿ ತಿಕ್ಕಿ ಅವಳ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಒತ್ತಿದರೆ ಆಪರೇಷನ್ನಿನ ಒಪ್ಪಿಗೆ ಕಾಗದದ ಮೇಲೆ ಬರೀ ಮಸಿ.

ಮಡಿಲಲ್ಲಿದ್ದ ಮೂರು ತಿಂಗಳ ಮಗಳು ಹುಟ್ಟಿದಾಗಿನಿಂದ ತಾನಾಗಿ ಹೇತವಳಲ್ಲ. ಕರುಳಿನ ತುದಿಯಲ್ಲಿ ನರ ಇಲ್ಲವಂತೆ, ಬಂದದ್ದು ಅಲ್ಲೇ ನಿಲ್ಲುತ್ತದಂತೆ. ನರ್ಸಮ್ಮ ನಳಿಕೆ ಹಾಕಿ ತೊಳೆದರಷ್ಟೇ ಹೊಟ್ಟೆ ಇಳಿಯುತ್ತಿತ್ತು. ಕೆಟ್ಟ ತುದಿ ಕತ್ತರಿಸಿ, ಒಳ್ಳೆಯ ಕರುಳನ್ನು ಎಳೆದು ಹೊಲಿಯಬೇಕು. ಹೊಟ್ಟೆ ಕೊಯ್ದು ಎಳೆಯುವುದು ಒಂದು ದಾರಿ, ಕೆಳಗಿನಿಂದಲೇ ಎಳೆಯುವುದು ಇನ್ನೊಂದು. ಯಾವುದು ಮೇಲು ಎಂದು ಡಾಕ್ಟರು ಹೋಲಿಸಿ ನೋಡುತ್ತಿದ್ದರು. ಯಾವ ಕೂಸಿಗೆ ಯಾವ ದಾರಿ ಎಂಬುದನ್ನು ಮೇಜಿನ ಮೇಲಿನ ಡಬ್ಬಿಯ ಚೀಟಿ ಹೇಳುತ್ತಿತ್ತು.

"ಯಾವುದು ಒಳ್ಳೇದು ಸಾರ್?"

"ಗೊತ್ತಿದ್ರೆ ಚೀಟಿ ಯಾಕೆ ಇಡ್ತಿದ್ದೆ? ಯಾರಿಗೂ ಗೊತ್ತಿಲ್ಲ."

"ಮತ್ತೆ ದುಡ್ಡು ಕೊಡೋ ಮೇಲಿನ ಮಹಡಿಯೋರಿಗೆ ಹೆಂಗೆ ಗೊತ್ತಾಯ್ತು?"

"ಏನು?"

"ಅವರ ಕೂಸುಗಳ ಬಟ್ಟೆನೂ ನಾನೇ ಅಲ್ವಾ ಒಗೆಯೋದು? ಎರಡು ವರ್ಷ ಆಯ್ತು ಈ ಚೀಟಿ ಆಟ ಶುರುವಾಗಿ. ಅಲ್ಲಿಂದ ಒಂದೇ ಒಂದು ಹೊಟ್ಟೆಪಟ್ಟಿ ಬಂದಿಲ್ಲ. ಬಂದಿದ್ದೆಲ್ಲ ಕುಂಡಿಬಟ್ಟೆನೇ."

ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಮೂವರು ತಾಯಂದಿರು ಕಿಸಕ್ಕೆಂದರು. ಡಾಕ್ಟರ ಮುಖ ಕೆಂಪಾಯಿತು.

"ಅವರು ಓದಿದೋರು. ಇಂಥದ್ದೇ ಬೇಕು ಅಂತ ಕೇಳ್ತಾರೆ."

"ನಾನೂ ಕೇಳ್ತಾನೇ ಇದೀನಲ್ಲ ಸಾರ್."

"ಬಾಯಿ ಮುಚ್ಚು! ಒತ್ತೋದಿದ್ರೆ ಒತ್ತು. ಇಲ್ಲಾಂದ್ರೆ ಎತ್ಕೊಂಡು ಹೋಗು, ಹೊಟ್ಟೆ ಒಡೆದ ಮೇಲೆ ಬಾ."

ಅವಳಿಗೆ ಹೋಗಲು ಬೇರೆ ಆಸ್ಪತ್ರೆ ಎಲ್ಲಿದೆ? ಭಯದ ಹಿಂದೆಯೇ ಸಿಟ್ಟು ನೆತ್ತಿಗೇರಿತು. ಮಗಳನ್ನು ಒಂದು ಕಂಕುಳಿಗೆ, ಡಬ್ಬಿಯನ್ನು ಇನ್ನೊಂದಕ್ಕೆ ಇರುಕಿಕೊಂಡು ಎದ್ದೇಬಿಟ್ಟಳು.

"ಏ ಹಲ್ಕಾ ಮುಂಡೆ, ಡಬ್ಬಿ ಇಡು!"

ಮೆಟ್ಟಿಲುಗಳು ಅವಳಿಗೆ ಹೊಸತಲ್ಲ. ಮೇಲಿನ ಮೊದಲ ಕೋಣೆಯಲ್ಲಿ ಇಸ್ತ್ರಿ ಅಂಗಿಯ ಅಪ್ಪನೊಬ್ಬ ಕೂಸನ್ನು ತೂಗುತ್ತಿದ್ದ. ಅದರ ಹೊಟ್ಟೆಯೂ ಉಬ್ಬಿತ್ತು. ಪಾಪ ಅನ್ನಿಸಿತು, ಆದರೂ ಡಬ್ಬಿ ಚಾಚಿದಳು.

"ದೊಡ್ಡ ಡಾಕ್ಟರ ಡಬ್ಬಿ ಸ್ವಾಮಿ. ಒಂದು ಚೀಟಿ ಎತ್ತಿ. ನಿಮ್ಮ ಕೂಸಿಗೆ ಹೊಟ್ಟೆಯೋ ಕುಂಡಿಯೋ ನೋಡೇಬಿಡೋಣ."

ಡಾಕ್ಟರ ಹೆಸರು ಕೇಳಿ ಅವನು ಕೈ ಹಾಕಿದ. ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದ ಡಾಕ್ಟರು ಅವನ ಕೈ ಹಿಡಿದರು.

"ಎತ್ತಬೇಡಿ ಸಾರ್! ಅದು ನಿಮಗಲ್ಲ, ಕೆಳಗಿನೋರಿಗೆ!"

ಬಾಗಿಲಲ್ಲಿ ಬೆಂಚಿನ ಮೂವರೂ ಕೂಸುಗಳನ್ನೆತ್ತಿಕೊಂಡು ನಿಂತಿದ್ದರು.

"ಕೇಳಿಸ್ತೇನ್ರೇ?" ಎಂದಳು ಒಗೆಯುವವಳು.

"ಕೇಳಿಸ್ತಕ್ಕಾ. ಚೀಟಿ ಇದ್ರೆ ಎಲ್ಲರಿಗೂ ಇರ್ಲಿ, ಇಲ್ಲಾಂದ್ರೆ ಯಾರಿಗೂ ಬೇಡ," ಎಂದು ಅವರಲ್ಲಿ ಹಿರಿಯಳು ಹೊಳೆಯುವ ನೆಲದ ಮೇಲೆ, ಆಪರೇಷನ್ ಕೋಣೆಗೆ ಹೋಗುವ ದಾರಿಗೆ ಅಡ್ಡಲಾಗಿ ಕೂತಳು. ಉಳಿದಿಬ್ಬರೂ ಕೂತರು.

ಡಾಕ್ಟರು ಡಬ್ಬಿಗೆ ಕೈ ಹಾಕಿ ಎಳೆದರು. ಒಗೆಯುವವಳು ಬಿಡಲಿಲ್ಲ. ಕಂಕುಳಲ್ಲಿ ಮಗಳ ಹೊಟ್ಟೆ ಬಿಗಿಯುತ್ತಲೇ ಇತ್ತು.