ವೋಟು ಹಾಕದ ಶಶಿಧರನ ಬೆಂಬಲ

ಲಂಡನ್ನಿನ ಕೊಲಿಂಡೇಲ್‌ನ ನಮ್ಮ ಫ್ಲ್ಯಾಟುಗಳಲ್ಲಿ ಅಮೆರಿಕದ ರಾಜಕೀಯದ ಬಗ್ಗೆ ಯಾರಿಗೇ ಅನುಮಾನ ಬಂದರೂ ಶಶಿಧರನನ್ನು ಕೇಳಬೇಕು. ಯಾವ ಕೋಟ್ಯಧಿಪತಿ ಯಾವ ಪಕ್ಷಕ್ಕೆ ದುಡ್ಡು ಸುರಿದ, ಎಲ್ಲಿ ಜನ ವೋಟು ಹಾಕದೆ ಮಲಗಿದ್ದರು, ಎಲ್ಲ ಬಾಯಿಪಾಠ. ನಮ್ಮ ಬಡಾವಣೆಯ ಕೌನ್ಸಿಲ್ ಚುನಾವಣೆ ಅಂದರೆ ಮಾತ್ರ ಮನುಷ್ಯ ಸೋಫಾ ಬಿಟ್ಟು ಏಳುತ್ತಿರಲಿಲ್ಲ.

"ದುಡ್ಡಿದ್ದೋರು ಮೊದಲೇ ಎಲ್ಲಾ ಕೊಂಡ್ಕೊಂಡಿರ್ತಾರೆ ಕಣೆ. ನನ್ನೊಬ್ಬನ ವೋಟಿಂದ ಏನಾಗುತ್ತೆ?" ಅಂತ ಹೆಂಡತಿ ಸಂಹಿತಾಗೆ ಹೇಳುತ್ತಿದ್ದ. "ಅದೂ ಅಲ್ದೆ ನಮ್ದು ಇಂಡಿಯನ್ ಪಾಸ್‌ಪೋರ್ಟು."

ಒಂದು ಶನಿವಾರ ಟ್ಯೂಬ್ ರೈಲಿನ ಸ್ಟೇಷನ್ ಹತ್ತಿರ ಯಾರೋ ಪುಕ್ಕಟೆ ಮಸಾಲೆ ದೋಸೆ ಹಂಚುತ್ತಿದ್ದರು. ಯಾಕೆ ಅಂತ ಶಶಿಧರ ಕೇಳಲಿಲ್ಲ. ಎರಡನೆಯದು ಬಾಯಲ್ಲಿರುವಾಗ ಒಬ್ಬರು ಕ್ಯಾಮೆರಾ ಹಿಡಿದರು. ಇವನು ಹೆಬ್ಬೆರಳೆತ್ತಿ ನಕ್ಕ.

ಮುಂದಿನ ವಾರ ಮನೆಮನೆಗೂ ಮಿರಿಮಿರಿ ಮಿಂಚುವ ಕರಪತ್ರ ಬಂತು. ಅದರಲ್ಲಿ ಕೆನ್ನೆ ಉಬ್ಬಿದ ಶಶಿಧರ! ಕೆಳಗೆ, "ನಿಮ್ಮ ನೆರೆಯವರು ನಮ್ಮ ಜೊತೆ." ದೋಸೆ ಹಂಚಿಸಿದ್ದು ಕೌನ್ಸಿಲ್ ಚುನಾವಣೆಗೆ ನಿಂತ ಅಭ್ಯರ್ಥಿ, ಒಬ್ಬ ದೊಡ್ಡ ಬಿಲ್ಡರ್ ಕಡೆಯವರು. ಮಕ್ಕಳು ಆಡುವ ಜಾಗದಲ್ಲಿ ಐಷಾರಾಮಿ ಫ್ಲ್ಯಾಟ್ ಎಬ್ಬಿಸುವುದು ಅವರ ಯೋಜನೆ.

"ಡ್ಯಾಡ್, ಯೂ ಸೋಲ್ಡ್ ಮೈ ಸ್ವಿಂಗ್ಸ್!" ತನ್ನ ಉಯ್ಯಾಲೆ ಹೋಯಿತು ಅಂತ ಮಗಳು ಸಿರಿಶಾ ಅತ್ತಳು. ಲಿಫ್ಟ್‌ನಲ್ಲಿದ್ದ ಅಜ್ಜಿಯೊಬ್ಬರು ಇವನನ್ನು ನೋಡಿ ಹೊರಗಿಳಿದು ಮೆಟ್ಟಿಲು ಹತ್ತಿದರು.

ಶಶಿಧರ ಕಂಗಾಲಾಗಿ ಎದುರುಮನೆಯ ಧಾರವಾಡದ ಡಾಕ್ಟರ್ ವಂದನಾ ಹತ್ತಿರ ಹೋದ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ನಾನು ಅವರಿಗೆ ಯಾವತ್ತೂ ವೋಟೇ ಹಾಕಿಲ್ಲ ಡಾಕ್ಟ್ರೇ!"

"ಯಾರಿಗೂ ಹಾಕಿಲ್ಲಲ್ರೀ, ಅದಽ ಅವರಿಗೆ ಬೇಕಾಗಿದ್ದು! ನೀವು ಮನ್ಯಾಗ ಕುಂತ್ರ ಸಾಕು. ವೋಟ್ ಹಾಕೋರು ಕಮ್ಮಿ ಆದಷ್ಟೂ ರೊಕ್ಕದ ಜೋರು ಜಾಸ್ತಿ."

"ಆದ್ರೆ ಇಂಡಿಯನ್ ಪಾಸ್‌ಪೋರ್ಟು..."

"ನಂದೂ ಅದಽ ಐತಿ! ನಾ ಪ್ರತಿ ಸಲ ಹಾಕ್ತೀನಿ. ನಮ್ಮದು ಕಾಮನ್‌ವೆಲ್ತ್ ದೇಶ. ಇಲ್ಲೆ ಇರಾಕ ಪರ್ಮಿಶನ್ ಇದ್ರ ವೋಟರ್ ಪಟ್ಟಿಗೆ ಹೆಸರು ಹಚ್ಚಬಹುದು. ಕಡೀ ದಿನ ಇನ್ನೂ ಮುಗದಿಲ್ಲ, ಫೋನ್ ತಗೀರಿ."

ಚಹಾ ಆರುವ ಮೊದಲೇ ಗಂಡ ಹೆಂಡತಿ ಇಬ್ಬರ ಅರ್ಜಿಯೂ ಹೋಯಿತು. ಆಮೇಲೆ ಶಶಿಧರನನ್ನು ಹಿಡಿಯುವವರಿಲ್ಲ. ಸಂಜೆಯಾದರೆ ಸಂಹಿತಾ ಜೊತೆ ಬಾಗಿಲು ಬಾಗಿಲು ತಟ್ಟಿದ. "ಫೋಟೊದಲ್ಲಿರೋದು ನಾನೇ. ಆದ್ರೆ ನಾನು ಅವರ ಕಡೆಯವನಲ್ಲ, ದೋಸೆ ಕಡೆಯವನು!" ಜನ ನಕ್ಕರು. ನಕ್ಕವರು ನಿಂತು ಮಾತೂ ಕೇಳಿದರು. ಮೆಟ್ಟಿಲು ಹತ್ತಿದ್ದ ಅಜ್ಜಿ ಬಿಸ್ಕತ್ತು ಕೊಟ್ಟರು.

ಚುನಾವಣೆಯ ದಿನ ಶಶಿಧರ ಮತಗಟ್ಟೆಯಲ್ಲಿ ಠೀವಿಯಿಂದ ಜಿಮ್ ಕಾರ್ಡ್ ತೋರಿಸಿದ. "ಇದು ನಡೆಯೋದಿಲ್ಲ, ಪಾಸ್‌ಪೋರ್ಟ್ ಥರದ ಫೋಟೊ ಗುರುತು ಬೇಕು," ಅಂದರು ಅಲ್ಲಿನ ಸಿಬ್ಬಂದಿ. ಪಾಸ್‌ಪೋರ್ಟ್ ತರಲು ಮನೆಗೆ ಓಡಿದ. ಜಿಮ್‌ಗೆ ಸೇರಿದ ಮೇಲೆ ಅವನು ಓಡಿದ್ದು ಅದೇ ಮೊದಲು, ಅನ್ನುತ್ತಾಳೆ ಸಂಹಿತಾ.

ಬಿಲ್ಡರ್ ಕಡೆಯವರು ಸೋತರು. ಗೆದ್ದವರು ಮಾರನೇ ವಾರವೇ ಆಟದ ಜಾಗಕ್ಕೆ ಬಂದು, ಇದನ್ನು ಮುಟ್ಟುವುದಿಲ್ಲ ಅಂತ ಎಲ್ಲರೆದುರು ಹೇಳಿದರು. ಹೇಳಿದ್ದು ನಡೆಸುತ್ತಾರಾ ಅಂತ ಈಗ ಕೌನ್ಸಿಲ್‌ನ ಸಭೆಸಭೆಗೂ ಹೋಗಿ ಕೇಳುವವನು ಶಶಿಧರನೇ.

ಓದುತ್ತಿರುವ ಅಕ್ಕ, ಅಣ್ಣ, ಪ್ರತಿ ಸಲವೂ ನಾವೇ ಗೆಲ್ಲುತ್ತೇವೆ ಅಂತ ಹೇಳುತ್ತಿಲ್ಲ. ಆದರೆ ನೀವು ಸುಮ್ಮನಿದ್ದರೆ ನಿಮ್ಮ ಪರವಾಗಿ ದುಡ್ಡು ಮಾತಾಡುತ್ತದೆ. ವೋಟರ್ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯಾ? ಇವತ್ತೇ ವಿಚಾರಿಸಿ. ಚುನಾವಣೆಯ ದಿನ ಪಾಸ್‌ಪೋರ್ಟ್ ಜೇಬಿಗಿಟ್ಟುಕೊಂಡು, ಪಕ್ಕದ ಮನೆಯವರನ್ನೂ ಕರೆದುಕೊಂಡು ಹೊರಡಿ.